ಎಂಜಿನ್ನಿನ ಮುಂದಣ ಪೀಠ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ಹಿರಿಯರ ಮಾತು. ಎರಡರಲ್ಲಿ ಒಂದು ಕೈಗೂಡಿದರೂ ಸಾಮಾನ್ಯ ಸಂಸಾರಿಗೆ ಅದೇ ಭಾಗ್ಯ. ಆದರೆ ದೇಶವನ್ನು ಸುತ್ತುವಾಗ ಕೋಶವನ್ನೂ ಜೊತೆಯಲ್ಲಿ ಹೊರಿಸಿಕೊಂಡು ಹೋದ ಮಹನೀಯರೊಬ್ಬರಿದ್ದರು. 1909ನೆಯ ಇಸವಿ ಮಾರ್ಚ್ 4ರಂದು ಅಮೆರಿಕದ ಅಧ್ಯಕ್ಷ ಪದವಿಯಿಂದ ಬಿಡುಗಡೆ ಹೊಂದಿದ ಥಿಯೊಡೋರ್ ರೂಸ್‌ವೆಲ್ಟರು, ಮೂರು ವಾರ ತುಂಬುವುದರೊಳಗೆ, ಅದೇ ತಿಂಗಳ 23ರಂದು ಆಫ್ರಿಕಕ್ಕೆ ಹೋಗಲೆಂದು ಹಡಗನ್ನೇರಿದರು. ಏಳು ವರ್ಷಕ್ಕೂ ಮಿಕ್ಕಿ ಒಂದು ಮಹಾರಾಷ್ಟ್ರದ ಭಾರವನ್ನು ಹೊತ್ತವರಿಗೆ ಬೇಕಾಗಿದ್ದುದು ವಿಶ್ರಾಂತಿ. ಅವರು ಅದನ್ನು ಅರಸಿ ಹೊರಟುದು ಸಿಂಹಗಳ ನಾಡಿಗೆ!

ಆಗ ಅವರಿಗೆ ಐವತ್ತು ವರ್ಷ. ಗುದ್ದಾಟದ ಪಂದ್ಯವೊಂದರಲ್ಲಿ ಪೆಟ್ಟು ಬಿದ್ದು ಎಡಗಣ್ಣಿನ ದೃಷ್ಟಿ ಬಹುಮಟ್ಟಿಗೆ ನಷ್ಟವಾಗಿತ್ತು. ಬಲಗಣ್ಣಿಗೂ ಕನ್ನಡಕವಿಲ್ಲದೆ ಗತಿಯಿರಲಿಲ್ಲ. ಕಾಡಿನಲ್ಲಿ ಕನ್ನಡಕ ಒಡೆದರೆ ಮಾಡುವುದೇನು? ಒಂದಲ್ಲ, ಎರಡಲ್ಲ, ಒಂಬತ್ತು ಜೊತೆ ಕನ್ನಡಕಗಳು ಪೆಟ್ಟಿಗೆ ಸೇರಿದುವು. ಅವುಗಳ ಜೊತೆಗೆ ಪುಸ್ತಕಗಳು: ಹೋಮರ್, ಷೇಕ್ಸ್‌ಪಿಯರ್, ಬೈಬಲ್, ಡಾಂಟೆ, ಮೆಕಾಲೆ, ಹೀಗೆ ಅರುವತ್ತರ ಸಮೀಪ. ಮಳೆ, ಬೆವರು, ಧೂಳು ಯಾವುದು ತಾಗಿದರೂ ಕೆಡದಿರಲೆಂದು ಎಲ್ಲಕ್ಕೂ ಹಂದಿಯ ಚರ್ಮದ ಹೊದಿಕೆ. ಅವರ ಸೋದರಿ ಕೊಟ್ಟ ಕಾಣಿಕೆಯಿದು. ಇಡಿಯ ಪುಸ್ತಕ ಭಂಡಾರದ ತೂಕ 60 ಪೌಂಡು ಮೀರದಂತೆ ಎಚ್ಚರ ವಹಿಸಿದ್ದರು. ಎಂದರೆ ಸುಮಾರು 27 ಕಿಲೋ. ಈ ಲೆಕ್ಕ ಎಲ್ಲಿಂದ ಬಂತು? ಆಫ್ರಿಕದಲ್ಲಿ ಒಬ್ಬ ಹೊರೆಯಾಳು ಹೊರಬಹುದಾದ ಹೊರೆಯೆಂದು ನಿಗದಿಯಾಗಿದ್ದ ತೂಕ ಅಷ್ಟು. ಒಬ್ಬ ಮನುಷ್ಯನ ತಲೆಯೇ ಆ ಗ್ರಂಥಾಲಯದ ಅಳತೆಗೋಲು. ಈ ಸಣ್ಣ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ತಂದೆಯ ಜೊತೆಗೆ ಹೊರಟವನು ಹತ್ತೊಂಬತ್ತು ವರ್ಷದ ಮಗ ಕರ್ಮಿಟ್. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಓದನ್ನು ಕೆಲಕಾಲ ಮಡಿಸಿಟ್ಟು ಬಂದಿದ್ದನು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಪರವಾಗಿ ಮರ್ನ್ಸ್, ಹೆಲ್ಲರ್, ಲೋರಿಂಗ್ ಎಂಬ ಮೂವರು ಪ್ರಾಣಿಶಾಸ್ತ್ರಜ್ಞರು ಬಂದರು. ಆಫ್ರಿಕದ ಪ್ರಾಣಿಗಳ ಚರ್ಮ, ಅಸ್ಥಿಗಳನ್ನು ಸಂಗ್ರಹಿಸಿ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ತುಂಬಿಸುವುದು ಯಾತ್ರೆಯ ಘೋಷಿತ ಉದ್ದೇಶ. ಖರ್ಚಿಗೆ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯಂಥ ಧನಿಕರ ನೆರವಿತ್ತು. ರೂಸ್‌ವೆಲ್ಟರು ತಮ್ಮ ಪಾಲಿನ ವೆಚ್ಚಕ್ಕೆ ಲೇಖನಿಯನ್ನೇ ನಂಬಿದ್ದರು: ಸ್ಕ್ರಿಬ್ನರ್ಸ್ ಪತ್ರಿಕೆ ಅವರ ಪ್ರವಾಸ ಲೇಖನಗಳಿಗೆ 50,000 ಡಾಲರು ಕೊಡಲು ಒಪ್ಪಿತ್ತು.

ನ್ಯೂಯಾರ್ಕಿನ ಎದುರು ದಡದ ಹೊಬೋಕೆನ್ ರೇವಿನಿಂದ ಹೊರಟ 'ಹ್ಯಾಂಬರ್ಗ್' ಹಡಗು ಅಟ್ಲಾಂಟಿಕ್ ಸಾಗರವನ್ನು ದಾಟಿ, ಜಿಬ್ರಾಲ್ಟರನ್ನು ಮುಟ್ಟಿ, ಏಪ್ರಿಲ್ ಮೊದಲ ವಾರದಲ್ಲಿ ಇಟಲಿಯ ನೇಪಲ್ಸನ್ನು ಸೇರಿತು. ಅಲ್ಲಿ ಹಡಗು ಬದಲಾಯಿಸಿ 'ಅಡ್ಮಿರಲ್' ಎಂಬ ಜರ್ಮನ್ ನೌಕೆಯನ್ನೇರಿದರು. ದಾರಿಯಲ್ಲಿ ಮೆಸೀನಾ ನಗರ. ಅದಕ್ಕೆ ನೂರು ದಿನಗಳ ಹಿಂದೆ, 1908ರ ಡಿಸೆಂಬರ್ 28ರ ಬೆಳಗಿನ ಜಾವ, ಭೂಕಂಪವೊಂದು ಹತ್ತಾರು ಸಾವಿರ ಜನರನ್ನು ನುಂಗಿ ಆ ಊರನ್ನು ನೆಲಸಮ ಮಾಡಿತ್ತು. ವಿಹಾರಕ್ಕೆಂದು ಹೊರಟವರು ಅಲ್ಲಿಳಿದು ಇಟಲಿಯ ದೊರೆಯನ್ನು ಕಂಡು, ಆ ಹಾಳನ್ನು ನೋಡಿಯೇ ಮುಂದೆ ಸಾಗಿದರು. ಅನಂತರ ಸೂಯೆಜ್ ಕಾಲುವೆ, ಕೆಂಪು ಸಮುದ್ರದ ಸೆಕೆ, ಏಡನ್, ಕಡೆಗೆ ಹಿಂದೂ ಮಹಾಸಾಗರ. ಹಡಗಿನಲ್ಲಿ ಪ್ರಸಿದ್ಧ ಬೇಟೆಗಾರ ಫ್ರೆಡರಿಕ್ ಸೆಲೂಸರು ಜೊತೆಯಾದುದರಿಂದ ಸಂಜೆಗಳು ಕಥೆಗಳಲ್ಲಿ ಕಳೆದುವು. ಏಪ್ರಿಲ್ 21ರಂದು ಮೊಂಬಾಸಾ ಬಂದರು ಕಾಣಿಸಿದಾಗ ಅವರು ಮನೆ ಬಿಟ್ಟು ಇಪ್ಪತ್ತೊಂಬತ್ತು ದಿನಗಳಾಗಿದ್ದುವು.

'ಸಫಾರಿ' ಎಂಬ ಮಾತು ಇಂದು ಬಂಡೀಪುರ, ನಾಗರಹೊಳೆಗಳ ಬಾಗಿಲ ಫಲಕಗಳಲ್ಲಿಯೂ ಕಾಣುತ್ತದೆ. ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಅದರ ಅರ್ಥ, ಮೃಗಗಳನ್ನು ನೋಡಲು ಜೀಪಿನಲ್ಲಿ ಒಂದೆರಡು ಗಂಟೆ ತಿರುಗಾಡುವುದು ಎಂದಷ್ಟೆ. ಆದರೆ ಅದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಪದ. ಅರಬ್ಬಿಯಿಂದ ಅಲ್ಲಿಗೆ ಬಂದುದು. ಹಿಂದೂಸ್ಥಾನಿಯ 'ಸಫರ್' ಅದರ ಒಡಹುಟ್ಟು. ಅರ್ಥ ಪ್ರಯಾಣ, ಅಷ್ಟೆ. ಮೃಗವೂ ಇಲ್ಲ, ಬೇಟೆಯೂ ಇಲ್ಲ. ಈ ಅರ್ಥದಲ್ಲಿ ನೋಡಿದರೆ ಹೊಬೋಕೆನ್ನಿನ ರೇವಿನಿಂದಲೇ ರೂಸ್‌ವೆಲ್ಟರ ಸಫಾರಿ ಮೊದಲಾಗಿತ್ತು.

ಮೊಂಬಾಸಾ ಭಾರತೀಯರಿಗೆ ಹೊಸ ಊರಲ್ಲ. ಮಾನ್ಸೂನ್ ಗಾಳಿಯನ್ನು ನಂಬಿ ಗುಜರಾತಿನ ವ್ಯಾಪಾರಿಗಳು ಶತಮಾನಗಳಿಂದ ಆ ಕರಾವಳಿಗೆ ಹೋಗಿಬರುತ್ತಿದ್ದರು. 1498ರಲ್ಲಿ ವಾಸ್ಕೋ ಡ ಗಾಮನಿಗೆ ಕಲ್ಲಿಕೋಟೆಯ ದಾರಿ ತೋರಿದ ನಾವಿಕ ದೊರೆತುದು ಮೊಂಬಾಸಾಕ್ಕೆ ಉತ್ತರದ ಮಾಲಿಂದಿಯಲ್ಲಿ. ರೂಸ್‌ವೆಲ್ಟರು ಬಂದಿಳಿದ ಕಾಲದಲ್ಲಿ ಅಲ್ಲಿನ ಚಲಾವಣೆಯ ನಾಣ್ಯ ರೂಪಾಯಿ. ಸ್ವಾಹಿಲಿಯಲ್ಲಿ ಅಂಗಡಿಗೆ 'ದುಕಾ' ಎಂದು ಹೆಸರು, ಗಾಡಿಗೆ 'ಗಾರಿ', ಚಹಾ 'ಚಾಯ್', ಚಪಾತಿ ಚಪಾತಿಯೇ. ರೈಲಿಗೆ ಆ ಜನ ಇಟ್ಟ ಹೆಸರು 'ಗಾರಿ ಯಾ ಮೋಶಿ', ಹೊಗೆಯ ಗಾಡಿ.

ಮರುದಿನ ಆ ಹೊಗೆಯ ಗಾಡಿ ಮೊಂಬಾಸಾ ನಿಲ್ದಾಣದಿಂದ ಹೊರಟಿತು. ಹಳಿಯ ಮೇಲೆ ಬಂದ ದನಕರುಗಳನ್ನು ಪಕ್ಕಕ್ಕೆ ತಳ್ಳಲು ಎಂಜಿನ್ನಿನ ಮುಂಭಾಗದಲ್ಲಿ ಇಳಿಜಾರಾದ ಒಂದು ಕಬ್ಬಿಣದ ಚೌಕಟ್ಟು ಇರುತ್ತದೆ. ಅದರ ಮೇಲೆ ಅಡ್ಡಲಾಗಿ ಒಂದು ಪೀಠವನ್ನು ಜೋಡಿಸಿದ್ದರು. ಮಾಜಿ ಅಧ್ಯಕ್ಷರು ತಮಗೆ ಮೀಸಲಾದ ಡಬ್ಬಿಯನ್ನು ಬಿಟ್ಟು ಅಲ್ಲಿಗೆ ಹೋಗಿ ಕುಳಿತರು. ಊಟದ ಹೊತ್ತನ್ನುಳಿದು, ಹಗಲಿನ ಬೆಳಕು ಇರುವಷ್ಟು ಕಾಲವನ್ನೂ ಬಹುಮಟ್ಟಿಗೆ ಆ ಪೀಠದ ಮೇಲೆಯೇ ಕಳೆದರು. ಪಕ್ಕದಲ್ಲಿ ಸೆಲೂಸ್, ಒಮ್ಮೊಮ್ಮೆ ಪ್ರಾಂತದ ಹಂಗಾಮಿ ಗವರ್ನರ್ ಜಾಕ್ಸನ್. ಬೆನ್ನ ಹಿಂದೆ ಕುದಿಯುವ ಬಾಯ್ಲರು, ಕಾಲಕೆಳಗೆ ಓಡುವ ಹಳಿ, ಕಣ್ಣೆದುರಿಗೆ ಸೃಷ್ಟಿಯ ಆದಿಯಲ್ಲಿದ್ದಂತೆಯೇ ಇದ್ದ ನಾಡು.

ತೆಂಗು ಮಾವುಗಳ ಕರಾವಳಿ ಹಿಂದುಳಿದ ಮೇಲೆ ತಾರುವಿನ ಮುಳ್ಳುಕುರುಚಲಿನ ಬೆಂಗಾಡು. ನೀರಿಲ್ಲದ, ನೆರಳಿಲ್ಲದ, ಕೆಂಪು ಮಣ್ಣಿನ ಆ ಹರವನ್ನು ಕಳೆದು ಎತ್ತರಕ್ಕೆ ಏರಿದಂತೆ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ದಾರಿಯ ಬಹುಭಾಗ ಬೇಟೆಗೆ ನಿಷೇಧವಿದ್ದ ಸಂರಕ್ಷಿತ ಪ್ರದೇಶ. ಆದುದರಿಂದ ಮೃಗಗಳಿಗೆ ರೈಲಿನ ಭಯವಿರಲಿಲ್ಲ. ಜೀಬ್ರಾಗಳ ಹಿಂಡು ತಲೆಯೆತ್ತಿ ನೋಡಿ ಮತ್ತೆ ಮೇಯುತ್ತಿದ್ದಿತು. ಉದ್ದ ಮೋರೆಯ ಹಾರ್ಟ್‌ಬೀಸ್ಟ್ ಜಿಂಕೆಗಳು ಹುತ್ತಗಳ ಮೇಲೆ ಕಾವಲುಗಾರರಂತೆ ನಿಲ್ಲುತ್ತಿದ್ದುವು. ಜಿರಾಫೆಗಳು, ಉಷ್ಟ್ರಪಕ್ಷಿಗಳು, ಗಿನಿಕೋಳಿಗಳು, ಒಂದರ ಹಿಂದೆ ಒಂದು. ಒಮ್ಮೆ ಹಳಿಯ ಮೇಲೆ ಆಹಾರ ಹೆಕ್ಕುತ್ತಿದ್ದ ಕಪ್ಪು ಬಿಳುಪಿನ ಮಂಗಟ್ಟೆಹಕ್ಕಿಯೊಂದು ಎಂಜಿನ್ನು ಮೈಮೇಲೆ ಬರುವವರೆಗೂ ಏಳಲಿಲ್ಲ. ಕಡೆಯ ಕ್ಷಣದಲ್ಲಿ ರೆಕ್ಕೆ ಬಡಿದು ಮೇಲೆದ್ದಾಗ, ಪೀಠದ ಮೇಲೆ ಕುಳಿತವರ ಕೈಗೇ ಸಿಕ್ಕಿಬಿಡುವಷ್ಟು ಹತ್ತಿರದಲ್ಲಿತ್ತು. ಸಿಕ್ಕಲಿಲ್ಲ, ಹಾರಿಹೋಯಿತು.

ಎಂಜಿನ್ನಿನ ಮುಂದಣ ಪೀಠದಿಂದ ಎಲ್ಲವೂ ಕಾಣುತ್ತದೆ. ಕಾಣದಿರುವುದು ಒಂದೇ: ಚಕ್ರಗಳ ಅಡಿಯಲ್ಲಿ ಇರುವುದು.

ಆ ಹಳಿಯ ಕೆಲಸ ಮೊಂಬಾಸಾದಲ್ಲಿ 1896ರಲ್ಲಿ ಮೊದಲಾಗಿ, ಸುಮಾರು 580 ಮೈಲಿ ಸಾಗಿ, 1901ರ ಡಿಸೆಂಬರಿನಲ್ಲಿ ವಿಕ್ಟೋರಿಯಾ ಸರೋವರದ ದಡವನ್ನು ಮುಟ್ಟಿತು. ಹುಚ್ಚರ ಹಂಚಿಕೆಯೆಂದು ಲಂಡನ್ನಿನಲ್ಲಿ ನಗೆಯಾಡಿದವರಿದ್ದರು. ಅದನ್ನು ಹಾಕಿದವರು ಬಹುಮಟ್ಟಿಗೆ ಭಾರತದ ಕೂಲಿಗಳು. ಪಂಜಾಬಿನ ಹಳ್ಳಿಗಳಿಂದ, ಇತರ ಕಡೆಗಳಿಂದ, ಕರಾರುಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಸಮುದ್ರ ದಾಟಿದವರು ಸುಮಾರು 32,000 ಮಂದಿ. ಜ್ವರ, ಆಮಶಂಕೆ, ಅಪಘಾತಗಳಿಗೆ ತುತ್ತಾಗಿ ಅಲ್ಲಿಯೇ ಮಣ್ಣಾದವರು ಸುಮಾರು 2,500. ಮೈಲಿಗೆ ನಾಲ್ವರಂತೆ ಲೆಕ್ಕ. ಅವರಿಗೂ ಅದು ಸಫಾರಿಯೇ. ಹಡಗು ಅವರದೂ ದೀರ್ಘವೇ, ದೇಶ ಅವರಿಗೂ ಅಪರಿಚಿತವೇ. ಆದರೆ ಆ ಪ್ರಯಾಣವನ್ನು ಬರೆಯಲು 50,000 ಡಾಲರು ಕೊಡುವ ಪತ್ರಿಕೆ ಇರಲಿಲ್ಲ.

ಆ ಹಾದಿಯಲ್ಲಿಯೇ ಸಾವೋ ನದಿಯ ಸೇತುವೆ. 1898ರಲ್ಲಿ, ಮಾರ್ಚ್ ತಿಂಗಳಿನಿಂದ ಡಿಸೆಂಬರಿನವರೆಗೆ, ಕೇಸರವಿಲ್ಲದ ಎರಡು ಗಂಡು ಸಿಂಹಗಳು ಅಲ್ಲಿ ಕೂಲಿಗಳ ಡೇರೆಗಳಿಗೆ ರಾತ್ರಿ ನುಗ್ಗಿ ಮನುಷ್ಯರನ್ನು ಎಳೆದೊಯ್ಯುತ್ತಿದ್ದುವು. ಮುಳ್ಳಿನ ಬೇಲಿ ಕಟ್ಟಿದರು, ಬೆಂಕಿ ಹಾಕಿದರು, ಮರದ ಮೇಲೆ ಮಲಗಿದರು, ಯಾವುದೂ ತಡೆಯಲಿಲ್ಲ. ಕಡೆಗೆ ನೂರಾರು ಮಂದಿ ಬರುತ್ತಿದ್ದ ರೈಲಿಗೆ ಅಡ್ಡ ಮಲಗಿ, ಅದು ನಿಂತೊಡನೆ ಹತ್ತಿ ಹೊರಟುಹೋದರು. ಸೇತುವೆಯ ಕೆಲಸ ವಾರಗಟ್ಟಲೆ ನಿಂತಿತು. ಡಿಸೆಂಬರಿನಲ್ಲಿ ಎಂಜಿನಿಯರ್ ಪ್ಯಾಟರ್ಸನ್ನರು ಎರಡನ್ನೂ ಕೊಂದರು. 28 ಮಂದಿ ಭಾರತೀಯ ಕೂಲಿಗಳು ಬಲಿಯಾದರೆಂದೂ, ಲೆಕ್ಕಕ್ಕೆ ಸಿಕ್ಕದ ಆಫ್ರಿಕನರು ಬೇರೆಯೆಂದೂ ಅವರು 1907ರ ತಮ್ಮ ಪುಸ್ತಕದಲ್ಲಿ ಬರೆದರು. ಆಮೇಲೆ ಅವರು ಹೇಳಿದ ಸಂಖ್ಯೆ 135ಕ್ಕೆ ಏರಿತು. ಸಿಂಹಗಳ ಮೂಳೆ ಕೂದಲುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2009ರಲ್ಲಿ ಸುಮಾರು 35 ಎಂದು ಅಂದಾಜು ಮಾಡಿದರು. ಆ ಸಿಂಹಗಳು ಷಿಕಾಗೋ ನಗರದ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ನಿಂತಿವೆ. ಮಕ್ಕಳು ಅವುಗಳನ್ನು ಬೆರಗಾಗಿ ನೋಡುತ್ತಾರೆ. ಕೊಂದವು ಉಳಿದುವು, ಸತ್ತವರ ಸಂಖ್ಯೆಯೂ ಸರಿಯಾಗಿ ಉಳಿಯಲಿಲ್ಲ.

ಪ್ಯಾಟರ್ಸನ್ನರ ಆ ಪುಸ್ತಕಕ್ಕೆ ಮುನ್ನುಡಿ ಬರೆದವರು, ಈಗ ರೂಸ್‌ವೆಲ್ಟರ ಪಕ್ಕದಲ್ಲಿಯೇ ಕುಳಿತಿದ್ದ ಸೆಲೂಸರು. ರೂಸ್‌ವೆಲ್ಟರೂ ಆ ವೃತ್ತಾಂತವನ್ನು ಬಲ್ಲವರೇ. ಅದರ ಪ್ರಸ್ತಾಪವನ್ನು ತಮ್ಮ ಬರಹದಲ್ಲಿ ತಂದಿದ್ದಾರೆ. ಆದರೂ ಆ ಕಥೆಯಲ್ಲಿ ಓದುಗರ ಮನಸ್ಸನ್ನು ಸೆಳೆದುದು ಸಿಂಹದ ಗರ್ಜನೆ, ಕೋವಿಯ ಗುರಿ. ಹಳಿಯನ್ನು ಹೊತ್ತ ಕೈ ಯಾರದೆಂದು ಕೇಳಿದವರು ಕಡಮೆ.

ಏರುನೆಲವನ್ನು ಹತ್ತಿದ ಗಾಡಿ, ನೈರೋಬಿಗೆ ಇನ್ನೂ ದಾರಿಯಿರುವಾಗಲೇ, ಕಪೀತಿ ಬಯಲು ಎಂಬ ಪುಟ್ಟ ನಿಲ್ದಾಣದಲ್ಲಿ ಅವರನ್ನು ಇಳಿಸಿತು. ಅಲ್ಲಿ ಕಂಡ ದೃಶ್ಯ ದಂಡು ಬೀಡುಬಿಟ್ಟಂತಿತ್ತು. ಸಾಲು ಸಾಲು ಡೇರೆಗಳು. ಮುಖ್ಯ ಡೇರೆಯ ಮುಂದೆ ಹಾರುವ ಅಮೆರಿಕದ ಬಾವುಟ. ಸ್ವಾಗತಕ್ಕೆ ಸಾಲುಗಟ್ಟಿ ನಿಂತ ಸುಮಾರು ಇನ್ನೂರು ಹೊರೆಯಾಳುಗಳು. ಕೋವಿ ಹಿಡಿದ ಕಾವಲಿನ 'ಅಸ್ಕಾರಿ'ಗಳು, ಬೇಟೆಯಲ್ಲಿ ಕೋವಿ ಹೊರುವವರು, ಡೇರೆಯ ಊಳಿಗದವರು, ಅಡುಗೆಯವರು, ಕುದುರೆಗಳ ಸಯೀಸರು, ಚರ್ಮ ಸುಲಿಯುವವರು. ಚರ್ಮ ಕೆಡದಂತೆ ಹಚ್ಚಲು ತಂದಿದ್ದ ಉಪ್ಪೇ ನಾಲ್ಕು ಟನ್ನು!

ಯೌವನದಲ್ಲಿ ಅಮೆರಿಕದ ಬಯಲುಸೀಮೆಯಲ್ಲಿ ಒಂದು ಕಂಬಳಿ ಹೊದ್ದು ನೆಲದ ಮೇಲೆ ಮಲಗಿದ್ದ ರೂಸ್‌ವೆಲ್ಟರಿಗೆ ಈ ವೈಭವ ತುಸು ಹೆಚ್ಚೆಂದೇ ತೋರಿತು. ಮಲಗಲು ಮಂಚ, ಸೊಳ್ಳೆಪರದೆ, ಉಣ್ಣೆ ಚೇಳುಗಳು ಬಾರದಂತೆ ನೆಲಕ್ಕೆ ಹಾಸಿದ ದಪ್ಪಬಟ್ಟೆ, ಸಂಜೆ ಬಿಸಿನೀರಿನ ಸ್ನಾನಕ್ಕೆ ರಬ್ಬರಿನ ತೊಟ್ಟಿ. ಉಷ್ಣವಲಯದಲ್ಲಿ ಆರೋಗ್ಯ ಕಾಪಾಡಿಕೊಳ್ಳಬೇಕಾದರೆ ಇವೆಲ್ಲ ಬೇಕೆಂದು ಬಲ್ಲವರು ಹೇಳಿದರು; ಅವರು ಒಪ್ಪಿದರು. ಆ ಒಂದೊಂದು ಅನುಕೂಲವೂ ಒಬ್ಬೊಬ್ಬ ಹೊರೆಯಾಳಿನ ತಲೆಯ ಮೇಲಿನ ಹೊರೆ. ಬೀಡು ಕಿತ್ತು ನಡೆಯುವಾಗ ಅವರು ಬರಿಗಾಲಲ್ಲಿ ಉದ್ದನೆಯ ಸಾಲಾಗಿ, ಕೊಂಬೂದುತ್ತ, ಪಲ್ಲವಿ ಹಿಡಿದು ಹಾಡುತ್ತ ಸಾಗುತ್ತಿದ್ದರು. ಅವರಲ್ಲೊಬ್ಬನ ತಲೆಯ ಮೇಲೆ ಹೋಮರ್, ಷೇಕ್ಸ್‌ಪಿಯರ್, ಡಾಂಟೆಯರಿದ್ದರು. ಬಂಡೆಯ ನೆರಳಿನಲ್ಲಿಯೋ ಮರದ ಬುಡದಲ್ಲಿಯೋ ಕುಳಿತು, ಬೇಟೆಯ ಬಿಡುವಿನಲ್ಲಿ, ರೂಸ್‌ವೆಲ್ಟರು ಆ ಪುಸ್ತಕಗಳನ್ನು ಬಿಡಿಸಿ ಓದುತ್ತಿದ್ದರು.

ನ್ಯಾಯವಾಗಿ ಹೇಳಬೇಕೆಂದರೆ ಅವರು ಜನರನ್ನು ಕಾಣದ ಮನುಷ್ಯರಲ್ಲ. ಕೋವಿ ಹೊತ್ತ ಬಕಾರಿ, ಡೇರೆಯ ಆಳು ಆಲಿ ಮೊದಲಾದವರ ಹೆಸರುಗಳನ್ನು, ಅವರ ನಿಷ್ಠೆಯನ್ನು, ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಆಳುಗಳು ತಮಗಿಟ್ಟ 'ಬ್ವಾನಾ ಮಕೂಬಾ', ಎಂದರೆ ದೊಡ್ಡ ಯಜಮಾನ, ಎಂಬ ಹೆಸರನ್ನೂ ಹೇಳಿಕೊಂಡಿದ್ದಾರೆ. ಅವರಿಗೆ 'ಬ್ವಾನಾ ತುಂಬೊ', ಹೊಟ್ಟೆಯ ಯಜಮಾನ, ಎಂಬ ಇನ್ನೊಂದು ಹೆಸರೂ ಇತ್ತೆಂದು ಪ್ರತೀತಿ. ಹೊರುವವರಿಗೆ ಹಾಡುವ ಹಕ್ಕಿರುವಂತೆಯೇ ನಗುವ ಹಕ್ಕೂ ಉಂಟು.

ಮೊದಲ ದಿನಗಳ ಬೇಟೆ ಕಪೀತಿಯ ಬಯಲಿನಲ್ಲಿ. ಸಮತಟ್ಟಾದ ಆ ಹುಲ್ಲುನೆಲದಲ್ಲಿ ದೂರವನ್ನು ಅಳೆಯುವುದು ಹೊಸಬರ ಕಣ್ಣಿಗೆ ಸುಲಭವಲ್ಲ. ಆದರೂ ವಿಲ್ಡಬೀಸ್ಟ್, ಗಸೆಲ್ ಜಿಂಕೆಗಳು ಬಿದ್ದುವು. ಅಲ್ಲಿಂದ ಸರ್ ಆಲ್ಫ್ರೆಡ್ ಪೀಸರ ಜಮೀನಿಗೆ ಹೋದಾಗ ಮೊದಲ ಸಿಂಹಗಳೂ ಬಿದ್ದುವು. ಹಾಗೆ ಮೊದಲಾದ ಎಣಿಕೆ, 1910ರ ಮಾರ್ಚಿನಲ್ಲಿ ಖಾರ್ಟೂಮ್ ನಗರದಲ್ಲಿ ಯಾತ್ರೆ ಮುಗಿಯುವ ವೇಳೆಗೆ, ಇಲಿ ಹಕ್ಕಿಗಳನ್ನೂ ಸೇರಿಸಿ 11,000 ದಾಟಿತ್ತು. ತಂದೆ ಮಗ ಇಬ್ಬರೇ ಕೋವಿಯಿಂದ ಕೊಂದ ಮೃಗಗಳು 512.

ಇಲ್ಲಿಯೇ ಓದುಗರಿಗೆ ಒಂದು ಒಗಟು. ಇದೇ ರೂಸ್‌ವೆಲ್ಟರು 1902ರಲ್ಲಿ ಮಿಸಿಸಿಪಿಯ ಕಾಡಿನಲ್ಲಿ ಕಟ್ಟಿಹಾಕಿದ್ದ ಕರಡಿಯನ್ನು ಕೊಲ್ಲಲಾರೆನೆಂದವರು. ಮಕ್ಕಳ ಅಪ್ಪುಗೆಯ 'ಟೆಡ್ಡಿ' ಕರಡಿಗೆ ಹೆಸರು ಬಂದುದು ಅವರಿಂದ. ಅಧ್ಯಕ್ಷರಾಗಿದ್ದಾಗ ಐದು ರಾಷ್ಟ್ರೀಯ ಉದ್ಯಾನಗಳನ್ನೂ 51 ಪಕ್ಷಿಧಾಮಗಳನ್ನೂ ಸ್ಥಾಪಿಸಿದವರು ಅವರೇ. ಅವರ ಕಾಲದ ದೃಷ್ಟಿಯಲ್ಲಿ ಇವೆರಡಕ್ಕೂ ವಿರೋಧವಿರಲಿಲ್ಲ. ಕೊಂದು ತಂದು ಅಭ್ಯಾಸ ಮಾಡುವುದೂ ಪ್ರೀತಿಯ ಒಂದು ಬಗೆಯಾಗಿದ್ದಿತು. ಅವರ ಸಂಗ್ರಹದಿಂದ ವಿಜ್ಞಾನಕ್ಕೆ ಲಾಭವಾದುದೂ ನಿಜ. ಆದರೆ ಯಾತ್ರೆಯ ಕೊನೆಯ ಭಾಗದಲ್ಲಿ, ನೈಲ್ ನದಿಯ ದಡದ ಲಾಡೋ ಪ್ರದೇಶದಲ್ಲಿ, ಅವರಿಬ್ಬರು ಒಂಬತ್ತು ಬಿಳಿಯ ಘೇಂಡಾಮೃಗಗಳನ್ನು ಕೊಂದರು. ಉತ್ತರ ಸೀಮೆಯ ಆ ಉಪಜಾತಿಯ ಕೊನೆಯ ಗಂಡು ಕೀನ್ಯದ ರಕ್ಷಣಾವನವೊಂದರಲ್ಲಿ 2018ರ ಮಾರ್ಚ್ 19ರಂದು ಸತ್ತಿತು. ಅದು ಸತ್ತಾಗ ಉಳಿದುದು ಎರಡು ಹೆಣ್ಣು ಮಾತ್ರ, ಅದರ ಮಗಳು ಮತ್ತು ಮೊಮ್ಮಗಳು. ಒಂಬತ್ತು ಎಂಬ ಸಂಖ್ಯೆ 1910ರಲ್ಲಿ ಸಣ್ಣದಾಗಿ ಕಂಡಿತು. ಈಗ ಹಾಗೆ ಕಾಣುವುದಿಲ್ಲ. ಆ ಜಾತಿಯನ್ನು ಅಳಿಸಿದುದು ಅವರ ಕೋವಿಯಲ್ಲ, ಅನಂತರ ದಶಕಗಟ್ಟಲೆ ನಡೆದ ಕಳ್ಳಬೇಟೆ. ಆದರೂ ಮುಗಿಯದ ನಿಧಿಯೆಂದು ಎಣಿಸಿ ತೆಗೆದುಕೊಂಡವರ ಸಾಲಿನಲ್ಲಿ ಒಳ್ಳೆಯವರೂ ಇದ್ದರೆಂಬುದನ್ನು ಮರೆಯಬಾರದು.

ಕೀನ್ಯ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಕೋವಿಯ ಸಫಾರಿ ಹೋಗಿ ಕ್ಯಾಮರಾದ ಸಫಾರಿ ಉಳಿಯಿತು. ಮುಂಬಯಿಯಿಂದ ನೈರೋಬಿಗೆ ಈಗ ವಿಮಾನದಲ್ಲಿ ಸುಮಾರು ಆರು ಗಂಟೆಯ ದಾರಿ. 2017ರಲ್ಲಿ ತೆರೆದ ಹೊಸ ರೈಲುಮಾರ್ಗ ಸಾವೋ ಕಾಡಿನ ನಡುವೆ ಎತ್ತರದ ದಿಂಡಿನ ಮೇಲೆ ಹಾಯುತ್ತದೆ. ಆನೆಗಳು ದಾಟಲೆಂದು ಕೆಳಗೆ ದಾರಿಗಳನ್ನು ಬಿಟ್ಟಿದ್ದಾರೆ. ಕಿಟಕಿಯ ಗಾಜಿಗೆ ಹಣೆ ಒತ್ತಿ ಕುಳಿತ ಮಗು ಆನೆಯ ಹಿಂಡನ್ನು ಕಂಡು ಕೂಗಿದಾಗ, ನೂರಕ್ಕೂ ಮಿಕ್ಕ ವರ್ಷಗಳ ಹಿಂದಣ ಆ ಪೀಠದ ಸಂತೋಷವೇ ಮತ್ತೆ ಬಂದಂತಾಗುತ್ತದೆ. ಆ ಸಂತೋಷ ತಪ್ಪಲ್ಲ. ತಂದೆತಾಯಿಗಳು ಅದರ ಜೊತೆಗೆ ಒಂದು ಮಾತನ್ನು ಸೇರಿಸಿ ಹೇಳಬಹುದು: ಈ ನೆಲದಲ್ಲಿ ಮೊದಲ ಹಳಿಯನ್ನು ಹಾಸಿದವರು ಭಾರತದಿಂದ ಬಂದವರು, ಅವರಲ್ಲಿ ಅನೇಕರು ಇಲ್ಲಿಯೇ ಉಳಿದರು ಎಂದು. ವಾರವಿಡೀ ಗಾಡಿ ನಡೆಸಿ, ದೂರದ ಪೊದೆಯಲ್ಲಿ ಸಿಂಹದ ಕಿವಿಯನ್ನು ಗುರುತಿಸಿ ತೋರಿಸುವ ಚಾಲಕನ ಹೆಸರನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಬಹುದು. ಇದಕ್ಕೆ ಖರ್ಚಿಲ್ಲ, ಹೊರೆಯೂ ಆಗುವುದಿಲ್ಲ.

ರೂಸ್‌ವೆಲ್ಟರ ಯಾತ್ರೆಯ ಹನ್ನೊಂದು ಸಾವಿರದ ಪಟ್ಟಿಯಲ್ಲಿ, ಹಳಿಯ ಮೇಲಿಂದೆದ್ದು ಕೈಗೆ ಸಿಕ್ಕದೆ ಹಾರಿಹೋದ ಆ ಮಂಗಟ್ಟೆಹಕ್ಕಿ ಇಲ್ಲ. ಆದರೂ ಅದನ್ನು ಅವರು ಮರೆಯಲಿಲ್ಲ; ಬರೆದಿಟ್ಟರು. ಕೊಂಡು ತರಲಾಗದುದನ್ನೂ ಕಂಡು ತರಬಹುದೆಂದು ಮೊದಲ ದಿನವೇ ಆ ಹಕ್ಕಿ ಅವರಿಗೆ ಹೇಳಿ ಹೋಗಿತ್ತು.